ಬೇಸ್‌ಬಾಲ್ ಗ್ರಂಥಗಳು: ದಾಖಲೆ, ದಂತಕಥೆ ಮತ್ತು ಸಂಗ್ರಹ

ಅಮೆರಿಕದ ಜನಪ್ರಿಯ ಕ್ರೀಡೆಗಳ ಪೈಕಿ ಬರಹಗಾರರನ್ನು ಅತಿ ಹೆಚ್ಚು ಸೆಳೆದದ್ದು ಬೇಸ್‌ಬಾಲ್ ಎಂಬ ಅಭಿಪ್ರಾಯ ಆ ದೇಶದಲ್ಲಿ ವ್ಯಾಪಕವಾಗಿದೆ. ನಿಯಮಗಳ ಕೈಪಿಡಿ, ಅಂಕಿ-ಅಂಶಗಳ ವಾರ್ಷಿಕ ಸಂಪುಟ, ಆಟಗಾರರ ಆತ್ಮಕಥೆ, ತಂಡಗಳ ಇತಿಹಾಸ, ಕಾದಂಬರಿ, ಪ್ರಬಂಧ, ಸಂಶೋಧನಾ ಗ್ರಂಥ ಎಂದು ಒಂದೂವರೆ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಬೆಳೆದುಬಂದ ಈ ಸಾಹಿತ್ಯಕ್ಕೆ ತನ್ನದೇ ಆದ ಓದುಗರೂ ಸಂಗ್ರಾಹಕರೂ ಇದ್ದಾರೆ. ಆಟದ ಸ್ವರೂಪವೂ ಇದಕ್ಕೆ ಪೂರಕವಾಗಿದೆ. 2023ರಲ್ಲಿ ಚೆಂಡೆಸೆತಗಾರನಿಗೆ ಕಾಲಮಿತಿ ವಿಧಿಸುವವರೆಗೆ ಬೇಸ್‌ಬಾಲ್ ಗಡಿಯಾರದ ಹಂಗಿಲ್ಲದೆ ನಡೆಯುತ್ತಿತ್ತು. ಎಸೆತ ಎಸೆತಗಳ ನಡುವೆ ನೋಡುಗನಿಗೆ ಯೋಚಿಸಲೂ ವರದಿಗಾರನಿಗೆ ಬರೆದುಕೊಳ್ಳಲೂ ಬಿಡುವಿರುತ್ತಿತ್ತು. ಟೆಸ್ಟ್ ಕ್ರಿಕೆಟ್ ಬಲ್ಲವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಯಾರು ಆಡಿದರು, ಯಾರ ಆಟ ಲೆಕ್ಕಕ್ಕೆ ಬಂದಿತು, ಯಾರದು ಬರಲಿಲ್ಲ ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಈ ಪುಸ್ತಕಗಳೇ. ಆದುದರಿಂದ ಇವುಗಳ ಚರಿತ್ರೆ ವಿವಾದಗಳ ಚರಿತ್ರೆಯೂ ಹೌದು.

ಕ್ರಿಕೆಟ್ ವರದಿಗಾರನ ಕೊಡುಗೆ

ಬೇಸ್‌ಬಾಲ್ ಬರವಣಿಗೆಯ ಆದ್ಯರೆನಿಸಿದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಜನಿಸಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಬ್ರೂಕ್ಲಿನ್‌ಗೆ ವಲಸೆ ಹೋದವರು. ಮೊದಲು ಕ್ರಿಕೆಟ್ ಪಂದ್ಯಗಳನ್ನು ವರದಿ ಮಾಡುತ್ತಿದ್ದ ಅವರು 1850ರ ದಶಕದಲ್ಲಿ ಬೇಸ್‌ಬಾಲ್‌ನತ್ತ ಹೊರಳಿದರು. ಕ್ರಿಕೆಟ್‌ನ ಸ್ಕೋರ್ ಪಟ್ಟಿಯನ್ನು ಹೊಸ ಆಟಕ್ಕೆ ಒಗ್ಗಿಸಿ, ಇಡೀ ಪಂದ್ಯವನ್ನು ಪತ್ರಿಕೆಯ ಕೆಲವೇ ಸಾಲುಗಳಲ್ಲಿ ಹಿಡಿದಿಡುವ 'ಬಾಕ್ಸ್ ಸ್ಕೋರ್' ಪದ್ಧತಿಯನ್ನು ಬೆಳೆಸಿದ ಶ್ರೇಯ ಅವರಿಗೆ ಸಲ್ಲುತ್ತದೆ. 1860ರಲ್ಲಿ ಅವರು ಸಿದ್ಧಪಡಿಸಿದ 'ಬೀಡಲ್ಸ್ ಡೈಮ್ ಬೇಸ್-ಬಾಲ್ ಪ್ಲೇಯರ್' ಹತ್ತು ಸೆಂಟ್ ಬೆಲೆಯ ಕಿರುಹೊತ್ತಗೆ. ಓದಿ ಬಿಸಾಡುವ ಇಂತಹ ಅಗ್ಗದ ಪುಸ್ತಿಕೆಗಳು ಉಳಿದದ್ದು ಕಡಿಮೆಯಾದ್ದರಿಂದಲೇ ಸಂಗ್ರಾಹಕರು ಇಂದು ಅವುಗಳಿಗಾಗಿ ಹುಡುಕಾಡುತ್ತಾರೆ.

ಚೆಂಡೆಸೆತಗಾರನಾಗಿ ಹೆಸರು ಮಾಡಿ ಬಳಿಕ ಕ್ರೀಡಾ ಸಾಮಗ್ರಿಗಳ ಉದ್ಯಮಿಯಾದ ಆಲ್ಬರ್ಟ್ ಸ್ಪಾಲ್ಡಿಂಗ್ ಪ್ರಕಟಿಸುತ್ತಿದ್ದ ವಾರ್ಷಿಕ 'ಗೈಡ್'ಗೂ ಚಾಡ್ವಿಕ್ ಅವರೇ ದೀರ್ಘಕಾಲ ಸಂಪಾದಕರು. ಆಟದ ಮೂಲದ ಬಗ್ಗೆ ಮಾತ್ರ ಇಬ್ಬರಿಗೂ ಹೊಂದಾಣಿಕೆಯಿರಲಿಲ್ಲ. ಬೇಸ್‌ಬಾಲ್ ಇಂಗ್ಲೆಂಡಿನ ಮಕ್ಕಳ ಆಟವಾದ 'ರೌಂಡರ್ಸ್'ನಿಂದ ಬಂದದ್ದೆಂದು ಚಾಡ್ವಿಕ್ ಬರೆದರೆ, ಅದು ಅಪ್ಪಟ ಅಮೆರಿಕದ್ದೆಂಬುದು ಸ್ಪಾಲ್ಡಿಂಗ್ ಅವರ ಹಠ. 1905ರಲ್ಲಿ ಇದರ ನಿರ್ಣಯಕ್ಕೆಂದು ಎ.ಜಿ. ಮಿಲ್ಸ್ ಅಧ್ಯಕ್ಷತೆಯ ಸಮಿತಿಯೊಂದು ರಚನೆಯಾಯಿತು. ಸೇನಾಧಿಕಾರಿ ಆಬ್ನರ್ ಡಬಲ್‌ಡೇ 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಈ ಆಟವನ್ನು ಕಂಡುಹಿಡಿದರೆಂದು ಸಮಿತಿ ಸಾರಿತು. ಅದಕ್ಕಿದ್ದ ಮುಖ್ಯ ಆಧಾರ ವೃದ್ಧರೊಬ್ಬರು ಬರೆದ ಪತ್ರ. 1839ರಲ್ಲಿ ಅವರಿಗೆ ಕೇವಲ ಐದು ವರ್ಷ. ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ವಿದ್ಯಾರ್ಥಿಯಾಗಿದ್ದರೆಂಬುದನ್ನು ಸಮಿತಿ ಗಣಿಸಲಿಲ್ಲ. 1908ರ ಗೈಡ್‌ನಲ್ಲಿ ಅಚ್ಚಾದ ಈ ಕಥೆಯೇ ಶಾಲಾಮಕ್ಕಳ ಪಾಠವಾಯಿತು. ಅದರ ಶತಮಾನೋತ್ಸವವೆಂದೇ 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್' ಉದ್ಘಾಟನೆಗೊಂಡಿತು.

ಈ ಕಟ್ಟುಕಥೆಯನ್ನು ಕೆಡವಿದ್ದೂ ಪುಸ್ತಕವೇ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಹೆಂಡರ್ಸನ್ ಹಳೆಯ ಮುದ್ರಿತ ಆಧಾರಗಳನ್ನು ಜಾಲಾಡಿ 1947ರಲ್ಲಿ 'ಬಾಲ್, ಬ್ಯಾಟ್ ಅಂಡ್ ಬಿಷಪ್' ಎಂಬ ಗ್ರಂಥವನ್ನು ಪ್ರಕಟಿಸಿದರು. 2005ರಲ್ಲಿ ಬಂದ ಡೇವಿಡ್ ಬ್ಲಾಕ್ ಅವರ 'ಬೇಸ್‌ಬಾಲ್ ಬಿಫೋರ್ ವಿ ನ್ಯೂ ಇಟ್' ಇನ್ನೂ ಹಿಂದಕ್ಕೆ ಸಾಗಿತು. ಲಂಡನ್ನಿನಲ್ಲಿ 1744ರಲ್ಲಿ ಮೊದಲು ಹೊರಬಂದ ಮಕ್ಕಳ ಪುಸ್ತಕವೊಂದರಲ್ಲಿ 'ಬೇಸ್-ಬಾಲ್' ಎಂಬ ಹೆಸರಿನ ಆಟದ ಚಿತ್ರವಿರುವುದನ್ನೂ, 1796ರ ಜರ್ಮನ್ ಪುಸ್ತಕವೊಂದರಲ್ಲಿ ಅದರ ನಿಯಮಗಳಿರುವುದನ್ನೂ ಬ್ಲಾಕ್ ಚರ್ಚಿಸಿ, ರೌಂಡರ್ಸ್ ಮೂಲದ ವಾದವೂ ನಿಲ್ಲದೆಂದು ತೋರಿಸಿದರು. ಅಂದರೆ ಆಟ ಇಂಗ್ಲೆಂಡಿನಿಂದ ಬಂದದ್ದೆಂಬ ಚಾಡ್ವಿಕ್ ಅವರ ಮಾತು ಸರಿ. ಯಾವ ಆಟದಿಂದ ಎಂಬಲ್ಲಿ ಅವರೂ ತಪ್ಪಿದ್ದರು.

ಕಾದಂಬರಿಯಿಂದ ದಿನಚರಿಗೆ

ಸೃಜನಶೀಲ ಸಾಹಿತ್ಯದಲ್ಲಿ ರಿಂಗ್ ಲಾರ್ಡ್ನರ್ ಅವರ 'ಯು ನೋ ಮಿ ಆಲ್' (1916), ಬರ್ನಾರ್ಡ್ ಮಾಲಮಡ್ ಅವರ 'ದಿ ನ್ಯಾಚುರಲ್' (1952), 'ಫೀಲ್ಡ್ ಆಫ್ ಡ್ರೀಮ್ಸ್' ಚಲನಚಿತ್ರಕ್ಕೆ ಮೂಲವಾದ ಡಬ್ಲ್ಯು.ಪಿ. ಕಿನ್ಸೆಲಾ ಅವರ 'ಶೂಲೆಸ್ ಜೋ' (1982) ಪ್ರಸಿದ್ಧ ಕೃತಿಗಳು. ಆದರೆ ಬೇಸ್‌ಬಾಲ್ ಬರವಣಿಗೆಯ ನಿಜವಾದ ಸತ್ವ ಕಾದಂಬರಿಗಿಂತ ಮಿಗಿಲಾಗಿ ನೈಜ ಕಥನದಲ್ಲಿದೆ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಲಾರೆನ್ಸ್ ರಿಟ್ಟರ್ ಅವರ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' (1966) ಇದಕ್ಕೆ ಶ್ರೇಷ್ಠ ನಿದರ್ಶನ. 1961ರಲ್ಲಿ ಮಹಾನ್ ಆಟಗಾರ ಟೈ ಕಾಬ್ ನಿಧನರಾದಾಗ, ಆ ಪೀಳಿಗೆಯ ಉಳಿದವರ ನೆನಪುಗಳೂ ಅವರೊಡನೆಯೇ ಅಳಿದುಹೋಗುವುವೆಂಬ ಆತಂಕ ರಿಟ್ಟರ್ ಅವರನ್ನು ಕಾಡಿತು. ಟೇಪ್ ರೆಕಾರ್ಡರ್ ಹೊತ್ತು ಸುಮಾರು 75,000 ಮೈಲಿ ಅಲೆದು, ಜಗತ್ತು ಮರೆತಿದ್ದ ಮುದುಕರನ್ನು ಹುಡುಕಿ ಮಾತಾಡಿಸಿದರು. ಲೇಖಕ ಹಿಂದೆ ಸರಿದು ಆಟಗಾರರೇ ತಮ್ಮ ಮಾತಿನಲ್ಲಿ ಕಥೆ ಹೇಳುವಂತೆ ಮಾಡಿದ್ದು ಈ ಗ್ರಂಥದ ವೈಶಿಷ್ಟ್ಯ. ಅದರಲ್ಲಿ ಮಾತಾಡಿದ ಗೂಸ್ ಗೋಸ್ಲಿನ್ (1968), ಸ್ಟಾನ್ ಕೊವೆಲೆಸ್ಕಿ (1969), ರೂಬ್ ಮಾರ್ಕ್ವರ್ಡ್ (1971) ಅನಂತರದ ವರ್ಷಗಳಲ್ಲಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಪುಸ್ತಕದ ಗೌರವಧನವನ್ನು ರಿಟ್ಟರ್ ಆ ಆಟಗಾರರೊಡನೆ ಹಂಚಿಕೊಂಡರೆಂಬುದೂ ಉಲ್ಲೇಖನೀಯ.

ಇದಕ್ಕೆ ತೀರಾ ಭಿನ್ನವಾದದ್ದು 1970ರ 'ಬಾಲ್ ಫೋರ್'. ಹಿಂದೆ ಯಾಂಕೀಸ್ ತಂಡದ ಚೆಂಡೆಸೆತಗಾರರಾಗಿದ್ದ ಜಿಮ್ ಬೌಟನ್, ತಮ್ಮ 1969ರ ಋತುವಿನ ದಿನಚರಿಯನ್ನು ಪತ್ರಕರ್ತ ಲೆನರ್ಡ್ ಶೆಕ್ಟರ್ ಅವರ ಸಂಪಾದಕತ್ವದಲ್ಲಿ ಹೊರತಂದರು. ಆಟಗಾರರ ಕುಡಿತ, ಉತ್ತೇಜಕ ಮಾತ್ರೆಗಳು, ಸಂಬಳಕ್ಕಾಗಿ ಮಾಲೀಕರ ಮುಂದೆ ಪಡುವ ಪಾಡು ಎಲ್ಲವೂ ಅದರಲ್ಲಿ ಬಯಲಾದವು. ಆಗಿನ ಬೇಸ್‌ಬಾಲ್ ಕಮಿಷನರ್ ಬೋವಿ ಕುನ್ ಲೇಖಕರನ್ನು ಕರೆಸಿ, ಬರೆದದ್ದು ಸುಳ್ಳೆಂಬ ಹೇಳಿಕೆಗೆ ಸಹಿ ಹಾಕುವಂತೆ ಒತ್ತಾಯಿಸಿದರು. ಬೌಟನ್ ಒಪ್ಪಲಿಲ್ಲ, ಪುಸ್ತಕದ ಮಾರಾಟ ಏರಿತು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು 1995ರಲ್ಲಿ ತನ್ನ ಶತಮಾನೋತ್ಸವಕ್ಕೆಂದು ಶತಮಾನದ ಗ್ರಂಥಗಳನ್ನು ಆಯ್ದಾಗ ಅದರಲ್ಲಿ ಸ್ಥಾನ ಪಡೆದ ಏಕೈಕ ಕ್ರೀಡಾ ಪುಸ್ತಕ ಇದಾಗಿತ್ತು. ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್' ಮತ್ತು 'ದಿ ನ್ಯೂಯಾರ್ಕರ್' ಪತ್ರಿಕೆಯ ಕಥಾ ಸಂಪಾದಕ ರೋಜರ್ ಏಂಜೆಲ್ ಅವರ 'ದಿ ಸಮ್ಮರ್ ಗೇಮ್' ಎರಡೂ 1972ರಲ್ಲಿ ಬಂದವು. ಏಂಜೆಲ್ ತೊಂಬತ್ತು ದಾಟಿದ ಮೇಲೂ ಬರೆಯುತ್ತಲೇ ಇದ್ದು, 2022ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಲೆಕ್ಕಕ್ಕೆ ಬಾರದವರು

1969ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ 2,300ಕ್ಕೂ ಹೆಚ್ಚು ಪುಟಗಳ 'ದಿ ಬೇಸ್‌ಬಾಲ್ ಎನ್‌ಸೈಕ್ಲೋಪೀಡಿಯಾ'ವನ್ನು ಹೊರತಂದಿತು. ಕಂಪ್ಯೂಟರ್ ನೆರವಿನಿಂದ ಸಿದ್ಧವಾದ ಈ ಬೃಹತ್ ಸಂಪುಟ ಸಂಖ್ಯಾಪ್ರಿಯರ ಪಾಲಿಗೆ ಪ್ರಮಾಣ ಗ್ರಂಥವಾಯಿತು. 1971ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ಹದಿನಾರು ಮಂದಿ ಸೇರಿ 'ಸೊಸೈಟಿ ಫಾರ್ ಅಮೆರಿಕನ್ ಬೇಸ್‌ಬಾಲ್ ರಿಸರ್ಚ್' ಎಂಬ ಸಂಶೋಧಕರ ಸಂಘವನ್ನು ಕಟ್ಟಿದರು. ಆಹಾರ ಸಂಸ್ಕರಣಾ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರರಾಗಿದ್ದ ಬಿಲ್ ಜೇಮ್ಸ್ 1977ರಲ್ಲಿ ಸ್ವತಃ ಪ್ರಕಟಿಸಿದ 'ಬೇಸ್‌ಬಾಲ್ ಅಬ್‌ಸ್ಟ್ರಾಕ್ಟ್'ನ ಪ್ರತಿಗಳು ಮಾರಾಟವಾದದ್ದು ಸುಮಾರು 75. ಮೈಕೆಲ್ ಲೂಯಿಸ್ ಅವರ 'ಮನಿಬಾಲ್' (2003) ಜಗತ್ತಿಗೆ ಪರಿಚಯಿಸಿದ ವಿಶ್ಲೇಷಣಾ ಕ್ರಮಕ್ಕೆ ಬುನಾದಿ ಅಲ್ಲಿದೆ.

ಆದರೆ ಆ ಪ್ರಮಾಣ ಗ್ರಂಥದಲ್ಲಿ ದೊಡ್ಡದೊಂದು ಲೋಪವಿತ್ತು. ಯಾವ ಯಾವ ಲೀಗ್‌ಗಳನ್ನು 'ಮೇಜರ್' ಎಂದು ಪರಿಗಣಿಸಬೇಕೆಂದು ಆಗ ನಿರ್ಧರಿಸಿದ ಸಮಿತಿ, ವರ್ಣಭೇದದ ಕಾರಣ ಪ್ರತ್ಯೇಕವಾಗಿ ಆಡಬೇಕಾಗಿದ್ದ ಕರಿಯ ಆಟಗಾರರ ನೀಗ್ರೋ ಲೀಗ್‌ಗಳನ್ನು ಪರಿಶೀಲನೆಗೂ ಎತ್ತಿಕೊಳ್ಳಲಿಲ್ಲ. ಮರುವರ್ಷವೇ, 1970ರಲ್ಲಿ, ರಾಬರ್ಟ್ ಪೀಟರ್ಸನ್ ಅವರ 'ಓನ್ಲಿ ದಿ ಬಾಲ್ ವಾಸ್ ವೈಟ್' ಪ್ರಕಟವಾಯಿತು. ಹಳೆಯ ಪತ್ರಿಕೆಗಳಿಂದಲೂ ಬದುಕಿದ್ದ ಆಟಗಾರರ ಬಾಯಿಂದಲೂ ಹೆಕ್ಕಿ ಬರೆದ ಈ ಕೃತಿ ಓದುಗರ ಕಣ್ಣು ತೆರೆಸಿತು. 1971ರಲ್ಲಿ ನೀಗ್ರೋ ಲೀಗ್ ಸಾಧನೆಗಾಗಿ ಸ್ಯಾಚೆಲ್ ಪೇಜ್ ಹಾಲ್ ಆಫ್ ಫೇಮ್ ಪ್ರವೇಶಿಸಿದರು. ಅಂಕಿ-ಅಂಶಗಳ ನ್ಯಾಯ ದೊರೆಯಲು ಮತ್ತೂ ಅರ್ಧ ಶತಮಾನ ಬೇಕಾಯಿತು. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೆ 2020ರಲ್ಲಿ ಮೇಜರ್ ಲೀಗ್ ಮನ್ನಣೆ ಸಿಕ್ಕಿ, 2024ರಲ್ಲಿ ಅವುಗಳ ಲೆಕ್ಕ ಅಧಿಕೃತ ದಾಖಲೆಗೆ ಸೇರಿತು. ಟೈ ಕಾಬ್ ಅವರ 0.367 ಬ್ಯಾಟಿಂಗ್ ಸರಾಸರಿಯನ್ನು ಹಿಂದಿಕ್ಕಿ ಜಾಶ್ ಗಿಬ್ಸನ್ ಅವರ 0.372 ಸರ್ವಕಾಲಿಕ ದಾಖಲೆಯಾಯಿತು. ಗಿಬ್ಸನ್ ತೀರಿಕೊಂಡದ್ದು 1947ರ ಜನವರಿಯಲ್ಲಿ. ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕಿಳಿದು ವರ್ಣದ ಗೋಡೆ ಒಡೆಯಲು ಆಗ ಇನ್ನು ಮೂರು ತಿಂಗಳಷ್ಟೇ ಬಾಕಿಯಿತ್ತು.

ಬರಹಗಾರರಿಗೆ ಸಲ್ಲುವ ಅತ್ಯುನ್ನತ ಗೌರವವೂ ಈ ಮರುಪರಿಶೀಲನೆಗೆ ಒಳಗಾಯಿತು. 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆಯ ಪ್ರಕಾಶಕ ಜೆ.ಜಿ. ಟೇಲರ್ ಸ್ಪಿಂಕ್ ವರ್ಣಭೇದವನ್ನು ಬೆಂಬಲಿಸಿದ್ದರೆಂಬ ಕಾರಣಕ್ಕೆ, ಬೇಸ್‌ಬಾಲ್ ಬರಹಗಾರರ ಸಂಘವು 2021ರಲ್ಲಿ ಪ್ರಶಸ್ತಿಯಿಂದ ಅವರ ಹೆಸರನ್ನು ತೆಗೆದುಹಾಕಿತು.

ಸಂಗ್ರಾಹಕರ ಲೋಕ

ಕರಿಯ ಆಟಗಾರರ ಇತಿಹಾಸವನ್ನು ಮೊದಲು ಬರೆದವರು ಸ್ವತಃ ಆಟಗಾರರಾಗಿದ್ದ ಸೋಲ್ ವೈಟ್. 1907ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಅವರ ಪುಟ್ಟ ಗ್ರಂಥದ ಮೂಲ ಪ್ರತಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅಷ್ಟಾದರೂ ಉಳಿದದ್ದರಿಂದ ಅದರ ಮರುಮುದ್ರಣ ಸಾಧ್ಯವಾಯಿತು. ಗ್ರಂಥಕರ್ತರು 2006ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಸಂಗ್ರಹದ ಹವ್ಯಾಸಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಸಂಗ್ರಹದ ಮತ್ತೊಂದು ಮುಖ ಅಷ್ಟು ಹಿತಕರವಾದುದಲ್ಲ. ಸ್ಪಾಲ್ಡಿಂಗ್ ಅವರ ಗ್ರಂಥಭಂಡಾರ, ಚಾಡ್ವಿಕ್ ಅವರ ಪತ್ರಿಕಾ ತುಣುಕುಗಳ ಪುಸ್ತಕಗಳು, ಹಿರಿಯ ತಂಡ ನಿರ್ವಾಹಕ ಹ್ಯಾರಿ ರೈಟ್ ಅವರ ಪತ್ರವ್ಯವಹಾರ ಇವೆಲ್ಲ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ದಾನವಾಗಿ ಸಂದಿದ್ದವು. ಡಬಲ್‌ಡೇ ಕಥೆಯನ್ನು ಹುಟ್ಟುಹಾಕಿದವರ ಪುಸ್ತಕಗಳೂ ಅದನ್ನು ಕೆಡವಿದ ಹೆಂಡರ್ಸನ್ ಅವರ ಮೇಜೂ ಒಂದೇ ಸಂಸ್ಥೆಯಲ್ಲಿದ್ದವೆಂಬುದು ಸ್ವಾರಸ್ಯಕರ. ಈ ಸಂಗ್ರಹದ ಅನೇಕ ವಸ್ತುಗಳು 1970ರ ದಶಕದಲ್ಲಿ ಕಳುವಾದವು. ಹ್ಯಾರಿ ರೈಟ್ ಅವರಿಗೆ ಬಂದಿದ್ದ ಹಳೆಯ ಪತ್ರಗಳು 2009ರಲ್ಲಿ ಹರಾಜಿಗೆ ಬಂದಾಗ ಎಫ್‌ಬಿಐ ತನಿಖೆ ನಡೆಸಬೇಕಾಯಿತು.

ಬೆಲೆಯ ವಿಷಯದಲ್ಲಿ ಪುಸ್ತಕಗಳು ಆಟಗಾರರ ಚಿತ್ರವಿರುವ ಕಾರ್ಡ್‌ಗಳ ಹತ್ತಿರವೂ ಸುಳಿಯುವುದಿಲ್ಲ. ಸಿಗರೇಟು ಪೊಟ್ಟಣದೊಡನೆ ಬರುತ್ತಿದ್ದ ಹೋನಸ್ ವ್ಯಾಗ್ನರ್ ಅವರ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರ್‌ಗೂ, ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡೊಂದು ಅದೇ ವರ್ಷ 1.26 ಕೋಟಿ ಡಾಲರ್‌ಗೂ ಮಾರಾಟವಾದವು. ಆದರೆ ಈ ವ್ಯಾಪಾರದ ಭಾಷೆಯೂ ಒಂದು ಪುಸ್ತಕದಿಂದಲೇ ಬಂದಿದೆ. ವ್ಯಾಗ್ನರ್ ಕಾರ್ಡಿನ ಮಾಲೆಯನ್ನು 'ಟಿ206' ಎಂದು ಗುರುತಿಸುವ ಕ್ರಮ ಜೆಫರ್ಸನ್ ಬರ್ಡಿಕ್ ಅವರ 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್'ನದು. 'ಟಿ' ಎಂದರೆ ಇಪ್ಪತ್ತನೇ ಶತಮಾನದ ತಂಬಾಕು ಕಾರ್ಡ್. ವ್ಯಾಗ್ನರ್ ಕಾರ್ಡಿಗೆ ಆ ಕ್ಯಾಟಲಾಗ್ ಸೂಚಿಸಿದ್ದ ಬೆಲೆ 50 ಡಾಲರ್.

ಸಿರಾಕ್ಯೂಸ್ ನಗರದ ಕಾರ್ಖಾನೆಯೊಂದರ ಸಾಧಾರಣ ನೌಕರರಾಗಿದ್ದ ಬರ್ಡಿಕ್ ತಮ್ಮ ಮೂರು ಲಕ್ಷಕ್ಕೂ ಮಿಕ್ಕಿದ ಕಾರ್ಡ್‌ಗಳನ್ನು ಮಾರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ತೀವ್ರ ಸಂಧಿವಾತದಿಂದ ಬೆರಳುಗಳು ಬಾಗದಿದ್ದರೂ ವರ್ಷಗಟ್ಟಲೆ ಅಲ್ಲಿಯೇ ಕುಳಿತು ಅವುಗಳನ್ನು ಒಂದೊಂದಾಗಿ ಆಲ್ಬಮ್‌ಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು. ಎರಡು ತಿಂಗಳ ತರುವಾಯ ಅವರು ನಿಧನರಾದರು.