ಆಟದ ಅವಧಿಯ ಅಳತೆ: ಕವಾಯತಿನಿಂದ ಕೈಗಡಿಯಾರದವರೆಗೆ

ಶಾಲೆಯೊಂದರ ಐವತ್ತು ವರ್ಷಗಳ ಇತಿಹಾಸ ಬರೆಯುವಾಗ ಕಟ್ಟಡಕ್ಕೆ ನೆರವಾದ ದಾನಿಗಳು, ಮುಖ್ಯೋಪಾಧ್ಯಾಯರ ಸಾಲು, ಎಸ್.ಎಸ್.ಎಲ್.ಸಿ. ಫಲಿತಾಂಶ ಎಲ್ಲವೂ ಬರುತ್ತವೆ. ಆಟದ ಮೈದಾನಕ್ಕೂ ಒಂದು ಪುಟ ಸಿಗುತ್ತದೆ. ಅದರಲ್ಲಿ ಗೆದ್ದ ಕಪ್ಪುಗಳ ಪಟ್ಟಿ ಇರುತ್ತದೆ. ಆದರೆ ಮೈದಾನದಲ್ಲಿ ನಡೆಯುವುದು ಸ್ಪರ್ಧೆ ಮಾತ್ರವಲ್ಲ, ಪಾಠವೂ ಹೌದು. ಆ ಪಾಠ ಚೆನ್ನಾಗಿ ನಡೆಯಿತೇ ಎಂದು ನೋಡುವ ಬಗೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ನಮ್ಮ ಕಡೆ ಗರಡಿಮನೆಯ ಪದ್ಧತಿ ಸರ್ಕಾರಿ ಶಾಲೆಗಿಂತ ಹಳೆಯದು. ಅಲ್ಲಿ ವಸ್ತಾದರು ಹುಡುಗ ಹಾಕಿದ ಪಟ್ಟನ್ನು ನೋಡಿ ಅಲ್ಲಿಯೇ ತಿದ್ದುತ್ತಿದ್ದರು. ಕಲಿಸುವವರೂ ಅವರೇ, ಪರೀಕ್ಷಿಸುವವರೂ ಅವರೇ. ಶಾಲೆಯ ವ್ಯವಸ್ಥೆ ಬಂದ ಮೇಲೆ ಇವೆರಡೂ ಬೇರೆಯಾದವು. ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿಗ್ಗಾಂವಿ ಆಗಿನ ಬಂಕಾಪುರ ತಾಲ್ಲೂಕಿಗೆ, ಹಿರೇಕೆರೂರು ಕೋಡ ತಾಲ್ಲೂಕಿಗೆ ಕಚೇರಿಯ ಊರುಗಳು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1882ರ ಹಂಟರ್ ಶಿಕ್ಷಣ ಆಯೋಗವು ದೇಶಿ ಆಟ, ಅಂಗಸಾಧನೆ ಮತ್ತು ಕವಾಯತುಗಳಿಗೆ ಶಾಲೆಗಳಲ್ಲಿ ಪ್ರೋತ್ಸಾಹ ಸಿಗಬೇಕೆಂದು ಶಿಫಾರಸು ಮಾಡಿತು. ಕವಾಯತಿನಲ್ಲಿ ನೋಡುವವರ ಕಣ್ಣಿಗೆ ಮೊದಲು ಬೀಳುವುದು ನೆಟ್ಟಗಿನ ಸಾಲು ಮತ್ತು ಒಟ್ಟಿಗೆ ಏಳುವ ಕೈ. ಸಾಲು ಸರಿಯಿದ್ದರೆ ಪಾಠವೂ ಸರಿ ಎಂಬ ಭಾವನೆ ಅಲ್ಲಿಂದಲೇ ಬೆಳೆದಿರಬೇಕು. ಗಣರಾಜ್ಯೋತ್ಸವದ ಸಾಮೂಹಿಕ ಕವಾಯತನ್ನು ನಾವು ಇಂದಿಗೂ ಅದೇ ಕಣ್ಣಿನಿಂದ ನೋಡುತ್ತೇವೆ.

1937ರಲ್ಲಿ ಬಿ.ಜಿ. ಖೇರ್ ಅವರ ಸರ್ಕಾರ ಬಂದಾಗ ಮುಂಬಯಿ ಪ್ರಾಂತ್ಯದ ದೈಹಿಕ ಶಿಕ್ಷಣವನ್ನು ರೂಪಿಸಲು ಸಮಿತಿಯೊಂದು ನೇಮಕವಾಯಿತು. ಲೋಣಾವಳದ ಕೈವಲ್ಯಧಾಮದ ಸ್ವಾಮಿ ಕುವಲಯಾನಂದರು ಅದರ ಅಧ್ಯಕ್ಷರು. 1938ರಲ್ಲಿ ಕಾಂದಿವಲಿಯಲ್ಲಿ ಸರ್ಕಾರಿ ತರಬೇತಿ ಸಂಸ್ಥೆ ಆರಂಭವಾಯಿತು. ಡ್ರಿಲ್ ಮಾಸ್ತರರು ಎಂಬ ಹೆಸರು ಹೋಗಿ ದೈಹಿಕ ಶಿಕ್ಷಣ ಶಿಕ್ಷಕರು ಎಂಬ ಹೆಸರು ಬರಲು ಇಂಥ ಸಂಸ್ಥೆಗಳೇ ಕಾರಣ.

1956ರ ಏಕೀಕರಣದಿಂದ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1959-60ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ದೈಹಿಕ ಸಾಮರ್ಥ್ಯ ಅಭಿಯಾನ ಆರಂಭಿಸಿ ಓಟ, ಜಿಗಿತ, ಎಸೆತಗಳಿಗೆ ನಿಗದಿತ ಮಟ್ಟಗಳನ್ನು ಗೊತ್ತುಪಡಿಸಿತು. ಈಗಿನ ಖೇಲೋ ಇಂಡಿಯಾ ಪರೀಕ್ಷೆಯಲ್ಲಿಯೂ 50 ಮೀಟರ್ ಮತ್ತು 600 ಮೀಟರ್ ಓಟಗಳಿವೆ. ಇವು ಒಳ್ಳೆಯ ಅಳತೆಗಳೇ. ಆದರೆ ಅಳೆಯುವುದು ಮಗುವಿನ ಸಾಮರ್ಥ್ಯವನ್ನೇ ಹೊರತು ಕಲಿಕೆಯನ್ನಲ್ಲ. ಹೊಲದಲ್ಲಿ ದುಡಿದು, ದೂರದಿಂದ ನಡೆದು ಶಾಲೆಗೆ ಬರುವ ಹುಡುಗ ಮೈದಾನದಲ್ಲಿ ಯಾರೂ ಏನೂ ಕಲಿಸದಿದ್ದರೂ ಪಾಸಾಗಬಲ್ಲ.

1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಮೇಲ್ವಿಚಾರಣೆಯ ಕಚೇರಿಗಳು ಹತ್ತಿರ ಬಂದವು. ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕರು ಶಾಲೆಗೆ ಬಂದು ಪಾಠ ಟಿಪ್ಪಣಿ, ವೇಳಾಪಟ್ಟಿ, ಆಟದ ಸಾಮಾನಿನ ದಾಸ್ತಾನು ನೋಡುತ್ತಾರೆ. ಊರವರಾದ ನಾವು ನೋಡುವುದು ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟದಲ್ಲಿ ಬಂದ ಕಪ್ಪನ್ನು. ಕಪ್ಪು ತರುವವರು ಹತ್ತು ಹನ್ನೆರಡು ಮಕ್ಕಳು. ಉಳಿದವರು ಆ ಅವಧಿಯಲ್ಲಿ ಏನು ಮಾಡುತ್ತಿದ್ದರು ಎಂಬುದು ದಾಸ್ತಾನು ಪುಸ್ತಕದಲ್ಲಿಯೂ ಇಲ್ಲ, ಕಪ್ಪಿನ ಮೇಲೂ ಇಲ್ಲ.

ಇದೇ ಪ್ರಶ್ನೆ ಅಮೆರಿಕದ ಶಿಕ್ಷಣ ತಜ್ಞರನ್ನೂ ಕಾಡಿತು. ನೆಡ್ ಫ್ಲಾಂಡರ್ಸ್ ಎಂಬುವರು ತರಗತಿಯಲ್ಲಿ ಮೂರು ಸೆಕೆಂಡಿಗೊಮ್ಮೆ ಯಾರು ಮಾತನಾಡುತ್ತಿದ್ದಾರೆ ಎಂದು ಗುರುತು ಹಾಕುವ ಪದ್ಧತಿ ತಂದರು. ಮೈದಾನದಲ್ಲಿ ಮಾತಿಗಿಂತ ಚಲನೆ ಮುಖ್ಯವೆಂದು 1972ರಲ್ಲಿ ಜಾನ್ ಚೆಫರ್ಸ್ ಅದನ್ನು ದೈಹಿಕ ಶಿಕ್ಷಣಕ್ಕೆ ಹೊಂದಿಸಿದರು. ಬಳಿಕ ಡ್ಯಾರಿಲ್ ಸೀಡೆಂಟಾಪ್ ಮತ್ತು ಸಂಗಡಿಗರು, ಮಗು ತನ್ನ ಮಟ್ಟಕ್ಕೆ ತಕ್ಕ ಚಟುವಟಿಕೆಯಲ್ಲಿ ಯಶಸ್ವಿಯಾಗಿ ತೊಡಗಿದ ಹೊತ್ತನ್ನು ಮಾತ್ರ ಕಲಿಕೆಯ ಹೊತ್ತೆಂದು ಲೆಕ್ಕ ಹಿಡಿದರು. 1990ರ ದಶಕದ ಆರಂಭದಲ್ಲಿ ಥಾಮಸ್ ಮೆಕೆಂಜಿ ಮತ್ತು ಸಂಗಡಿಗರು ರೂಪಿಸಿದ ಸೋಫಿಟ್ ಎಂಬ ಪದ್ಧತಿ ಇನ್ನೂ ಸರಳ. ಅವಧಿಗೆ ಮೊದಲೇ ನಾಲ್ಕು ಮಕ್ಕಳನ್ನು ಆರಿಸಿ, ಸರದಿಯಂತೆ ಒಬ್ಬೊಬ್ಬರನ್ನು ನೋಡಬೇಕು. ಹತ್ತು ಸೆಕೆಂಡು ನೋಡುವುದು, ಹತ್ತು ಸೆಕೆಂಡು ಬರೆಯುವುದು. ಮಗು ಮಲಗಿದ್ದರೆ 1, ಕುಳಿತಿದ್ದರೆ 2, ನಿಂತಿದ್ದರೆ 3, ನಡೆಯುತ್ತಿದ್ದರೆ 4, ಚುರುಕಾಗಿ ಓಡಾಡುತ್ತಿದ್ದರೆ 5. ಜೊತೆಗೆ ಆಗ ನಡೆಯುತ್ತಿದ್ದುದು ವಿವರಣೆಯೋ, ಅಭ್ಯಾಸವೋ, ಆಟವೋ ಎಂಬುದನ್ನೂ, ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದನ್ನೂ ಬರೆಯಬೇಕು. 40 ನಿಮಿಷದ ಅವಧಿಗೆ 120 ಗುರುತುಗಳಾಗುತ್ತವೆ. ಅರ್ಧದಷ್ಟಾದರೂ, ಅಂದರೆ 60 ಗುರುತುಗಳು, 4 ಅಥವಾ 5 ಇರಲಿ ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ.

ಸಾಫ್ಟ್‌ವೇರ್ ಕೆಲಸದಲ್ಲಿ ಲೆಕ್ಕವೇ ನನಗೆ ದಿನನಿತ್ಯದ ಮಾತು. ಹಾಗಾಗಿ ನಮ್ಮ ಖೋ ಖೋ ಆಟಕ್ಕೇ ಇದನ್ನು ಹಚ್ಚಿ ನೋಡಿದೆ. ಅಂಕಣದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ಒಬ್ಬರು ಓಡುತ್ತಾರೆ. ಎದುರು ತಂಡದವರು ಒಮ್ಮೆಗೆ ಮೂವರು ಒಳಗಿರುತ್ತಾರೆ. ಅಂದರೆ ಯಾವುದೇ ಕ್ಷಣ ಓಡುವವರು ನಾಲ್ವರು. ತರಗತಿಯಲ್ಲಿ 40 ಮಕ್ಕಳಿದ್ದು ಅಂಕಣ ಒಂದೇ ಆದರೆ 36 ಮಕ್ಕಳು ನಿಂತೋ ಕುಳಿತೋ ಇರುತ್ತಾರೆ. ರಿಲೇ ಓಟವೂ ಹೀಗೆಯೇ. ಹತ್ತು ಮಕ್ಕಳ ನಾಲ್ಕು ಸಾಲು ಮಾಡಿದರೆ ಪ್ರತಿ ಮಗು ಓಡುವುದು ಹತ್ತರಲ್ಲಿ ಒಂದು ಪಾಲು ಹೊತ್ತು. ಐದು ಮಕ್ಕಳ ಎಂಟು ಸಾಲು ಮಾಡಿದರೆ ಐದರಲ್ಲಿ ಒಂದು ಪಾಲು. ಸುಣ್ಣದ ಪುಡಿಯಲ್ಲಿ ಇನ್ನೆರಡು ಗೆರೆ ಎಳೆದರೆ ಆಟದ ಹೊತ್ತು ಇಮ್ಮಡಿಯಾಗುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಹೀಗೆ ನೋಡುವ ಕಣ್ಣು ಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇಡೀ ಶಾಲೆಗೆ ಒಬ್ಬರೇ ದೈಹಿಕ ಶಿಕ್ಷಕರು. ಪ್ರಾರ್ಥನೆ, ಶಿಸ್ತು, ರಾಷ್ಟ್ರೀಯ ಹಬ್ಬ, ಕ್ರೀಡಾಕೂಟ ಎಲ್ಲವೂ ಅವರ ಹೆಗಲ ಮೇಲೆ. ಪರೀಕ್ಷೆ ಹತ್ತಿರ ಬಂದರೆ ಆಟದ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಡಬೇಕಾಗುತ್ತದೆ. ಇಂಥವರನ್ನು ಅಂಕಿಗಳಿಂದ ಹೆದರಿಸುವುದು ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಮಗುವಿನ ಮೌಲ್ಯಮಾಪನ ನಿರಂತರವೂ ವ್ಯಾಪಕವೂ ಆಗಿರಬೇಕು, ಭಯ ಹುಟ್ಟಿಸಬಾರದು ಎನ್ನುತ್ತದೆ. ಶಿಕ್ಷಕರನ್ನು ನೋಡುವಾಗಲೂ ಅದೇ ನೀತಿ ಇರಲಿ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮುಖ್ಯೋಪಾಧ್ಯಾಯರ ಮತ್ತು ದೈಹಿಕ ಶಿಕ್ಷಕರ ಒಪ್ಪಿಗೆ ಪಡೆದು, ತಿಂಗಳಿಗೆ ಎರಡು ಅವಧಿ ನಮ್ಮಲ್ಲಿ ಒಬ್ಬರು ಕೈಗಡಿಯಾರ, ನೋಟುಬುಕ್ಕು ಹಿಡಿದು ಮೈದಾನದ ಅಂಚಿನಲ್ಲಿ ಕೂಡೋಣ. ನಾಲ್ಕು ಮಕ್ಕಳಲ್ಲಿ ಇಬ್ಬರು ಹುಡುಗಿಯರಿರಲಿ; ಗಿಡದ ನೆರಳಿನಲ್ಲಿ ಕುಳಿತಿರುವವರಲ್ಲಿ ಅವರ ಸಂಖ್ಯೆಯೇ ಹೆಚ್ಚು ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಮಕ್ಕಳ ಹೆಸರು ಬರೆಯುವುದು ಬೇಡ. ಆ ಹಾಳೆ ಯಾವ ಕಚೇರಿಗೂ ಹೋಗದೆ ಶಿಕ್ಷಕರ ಕೈಯಲ್ಲಿಯೇ ಉಳಿಯಲಿ. ಅದರಿಂದ ಮೈದಾನಕ್ಕೆ ಇನ್ನೊಂದು ಅಂಕಣವೋ ನಾಲ್ಕು ಚೆಂಡುಗಳೋ ಬೇಕೆಂದು ಕಂಡುಬಂದರೆ, ಅದನ್ನು ಒದಗಿಸುವುದು ನಮ್ಮ ಪಾಲಿನ ಕೆಲಸವಾಗಲಿ.