ಹಗುರ ಪಾತ್ರೆಯ ಭಾರವಾದ ಲೆಕ್ಕ

ಚಾರಣಕ್ಕೆ ಹೊರಡುವವರು ಬೆನ್ನುಚೀಲ ತುಂಬುವಾಗ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ. ಅಡುಗೆ ಪಾತ್ರೆಯ ಸರದಿ ಬಂದಾಗ ತೀರ್ಮಾನ ಸುಲಭವೆಂದೇ ತೋರುತ್ತದೆ: ಯಾವುದು ಹಗುರವೋ ಅದೇ ಒಳ್ಳೆಯದು. ಆದರೆ ಚೀಲಕ್ಕೆ ಪಾತ್ರೆಯೊಂದೇ ಸೇರುವುದಿಲ್ಲ. ಅದರೊಡನೆ ಒಲೆಯೂ ಇಂಧನವೂ ಸೇರುತ್ತವೆ. ಪಾತ್ರೆಯಲ್ಲಿ ಉಳಿಸಿದ ತೂಕವನ್ನು ಇಂಧನದ ರೂಪದಲ್ಲಿ ಮತ್ತೆ ಹೊರಬೇಕಾಗಬಹುದು. ಈ ಮಾತನ್ನು ಚೆನ್ನಾಗಿ ಅರಿತು ಪಾತ್ರೆ ಮಾಡಿಸಿದವರಲ್ಲಿ ನಾರ್ವೆಯ ವಿಜ್ಞಾನಿ ಹಾಗೂ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಪ್ರಮುಖರು.

ಹಿಮವಿದ್ದೂ ನೀರಿಲ್ಲ

1888ರಲ್ಲಿ ನಾನ್ಸೆನ್ ಐವರು ಸಂಗಡಿಗರೊಂದಿಗೆ ಗ್ರೀನ್‌ಲೆಂಡಿನ ಹಿಮಹಾಸನ್ನು ಸ್ಕೀ ಕಟ್ಟಿಕೊಂಡು ದಾಟಿದರು. ಸುತ್ತಲೂ ಹಿಮ, ಆದರೂ ಅವರನ್ನು ಕಾಡಿದ್ದು ಬಾಯಾರಿಕೆ. ಹಿಮವನ್ನು ಹಾಗೆಯೇ ತಿಂದರೆ ಅದನ್ನು ಕರಗಿಸಲು ದೇಹದ ಉಷ್ಣವೇ ವ್ಯಯವಾಗುತ್ತದೆ. ಆದ್ದರಿಂದ ಕುಡಿಯುವ ಪ್ರತಿ ಹನಿ ನೀರನ್ನೂ ಒಲೆಯ ಮೇಲೆ ತಯಾರಿಸಬೇಕಿತ್ತು. ಅವರ ಬಳಿ ಇದ್ದದ್ದು ಸ್ಪಿರಿಟ್ ಒಲೆ.

ಇದಕ್ಕೆ ಎಷ್ಟು ಉಷ್ಣ ಬೇಕು? -30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಕಿಲೋಗ್ರಾಮ್ ಹಿಮವನ್ನು ಸೊನ್ನೆ ಡಿಗ್ರಿಗೆ ತರಲು ಸುಮಾರು 63 ಕಿಲೋಜೂಲ್ ಬೇಕು. ಅದೇ ತಾಪದಲ್ಲಿ ಕರಗಿಸಲು 334 ಕಿಲೋಜೂಲ್. ಕರಗಿದ ನೀರನ್ನು 100 ಡಿಗ್ರಿಗೆ ಏರಿಸಲು ಇನ್ನೂ 418 ಕಿಲೋಜೂಲ್. ಒಟ್ಟು 815 ಕಿಲೋಜೂಲ್. ಅಂದರೆ ಹಿಮವನ್ನು ನೀರಾಗಿಸುವಷ್ಟರಲ್ಲಿಯೇ ಸುಮಾರು ಅರ್ಧದಷ್ಟು ಉಷ್ಣ ಮುಗಿದಿರುತ್ತದೆ.

1 ಕಿಲೋಗ್ರಾಮ್ ಸೀಮೆಎಣ್ಣೆ ಉರಿದಾಗ ಸುಮಾರು 43,000 ಕಿಲೋಜೂಲ್ ಉಷ್ಣ ಹೊರಬರುತ್ತದೆ. ಅದೆಲ್ಲವೂ ಹಿಮಕ್ಕೆ ಸೇರುವುದಾದರೆ ಲೀಟರ್ ನೀರಿಗೆ 19 ಗ್ರಾಮ್ ಎಣ್ಣೆ ಸಾಕು. ಆದರೆ ತೆರೆದ ಪಾತ್ರೆಯ ಬದಿಗಳಿಂದ ಬಿಸಿ ಅನಿಲ ಸುಮ್ಮನೆ ಹೊರಟುಹೋಗುತ್ತದೆ. ದಕ್ಷತೆ ಶೇಕಡಾ 40 ಇದ್ದರೆ 47 ಗ್ರಾಮ್ ಎಣ್ಣೆ ಬೇಕು. ಶೇಕಡಾ 80 ಇದ್ದರೆ 24 ಗ್ರಾಮ್.

ಪಾತ್ರೆಯೊಳಗೆ ಪಾತ್ರೆ

1893ರಲ್ಲಿ ‘ಫ್ರಾಮ್’ ಹಡಗಿನಲ್ಲಿ ಉತ್ತರ ಧ್ರುವದತ್ತ ಹೊರಟಾಗ ನಾನ್ಸೆನ್ ಈ ನಷ್ಟವನ್ನು ತಡೆಯುವ ಏರ್ಪಾಡು ಮಾಡಿಕೊಂಡಿದ್ದರು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ, ಮಸಿ ಹಿಡಿಸದ ಪ್ರೈಮಸ್ ಸೀಮೆಎಣ್ಣೆ ಒಲೆ ಆಗ ಹೊಸದು. ಅದರ ಮೇಲೆ ಕುದಿಯುವ ಪಾತ್ರೆ. ಆ ಪಾತ್ರೆಯ ಸುತ್ತ ಬಳೆಯಾಕಾರದ ಇನ್ನೊಂದು ಪಾತ್ರೆ. ಮೇಲೆ ಮತ್ತೊಂದು ಅಗಲ ಪಾತ್ರೆ. ಹೊರಗಿನ ಎರಡರಲ್ಲೂ ಹಿಮ. ಎಲ್ಲವನ್ನೂ ಮುಚ್ಚುವ ಒಂದು ಹೊರಕವಚ. ಜ್ವಾಲೆಯ ಬಿಸಿ ಅನಿಲ ಮೊದಲು ನಡುವಿನ ಪಾತ್ರೆಯನ್ನು ಕಾಯಿಸಿ ಮೇಲೇರುತ್ತಿತ್ತು. ಅಲ್ಲಿನ ಹಿಮಕ್ಕೆ ಉಷ್ಣ ಕೊಟ್ಟು, ಬಳೆಪಾತ್ರೆಯ ಹೊರಬದಿಯಲ್ಲಿ ಕೆಳಗಿಳಿದು, ತಣ್ಣಗಾದ ಮೇಲೆ ಹೊರಹೋಗುತ್ತಿತ್ತು. ಊಟ ಬೇಯುವಷ್ಟರಲ್ಲಿ ಕುಡಿಯುವ ನೀರೂ ಸಿದ್ಧ.

ಈ ಸಲಕರಣೆಯನ್ನು ಜರ್ಮನ್ ಸಿಲ್ವರ್ (ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ) ಹಾಗೂ ಅಲ್ಯೂಮಿನಿಯಮ್ ಬಳಸಿ ಮಾಡಲಾಗಿತ್ತು. ಲೋಟ ಚಮಚಗಳೂ ಸೇರಿ ಇದರ ತೂಕ ಸುಮಾರು 4 ಕಿಲೋಗ್ರಾಮ್. ಇಬ್ಬರಿಗೆ ಇಷ್ಟು ಭಾರವೇ ಎಂದು ಇಂದಿನ ಚಾರಣಿಗರು ಹುಬ್ಬೇರಿಸಬಹುದು. ಉತ್ತರ ಅವರ ಪ್ರಯಾಣದಲ್ಲೇ ಇದೆ. 1895ರ ಮಾರ್ಚ್ 14ರಂದು ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ ಹಡಗನ್ನು ಬಿಟ್ಟು ಹೊರಟು, ಏಪ್ರಿಲ್‌ನಲ್ಲಿ 86 ಡಿಗ್ರಿ 14 ಮಿನಿಟ್ ಉತ್ತರ ಅಕ್ಷಾಂಶವನ್ನು ತಲುಪಿದರು. ಅವರು ಒಯ್ದ ಸುಮಾರು 20 ಲೀಟರ್ ಸೀಮೆಎಣ್ಣೆ 120 ದಿನಗಳಷ್ಟು ಬಂತು. ದಿನಕ್ಕೆ ಸುಮಾರು 133 ಗ್ರಾಮ್! ದಕ್ಷತೆ ಇದರ ಅರ್ಧದಷ್ಟೇ ಇದ್ದಿದ್ದರೆ ಇನ್ನೂ 16 ಕಿಲೋಗ್ರಾಮ್ ಎಣ್ಣೆ ಬೇಕಾಗುತ್ತಿತ್ತು. ಪಾತ್ರೆಯ 4 ಕಿಲೋಗ್ರಾಮ್ ದುಂದಲ್ಲ, ಉಳಿತಾಯ.

ಒಳ್ಳೆಯ ಪಾತ್ರೆಯಿದ್ದರೂ ಇಂಧನ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ರಾಬರ್ಟ್ ಸ್ಕಾಟ್ ತಂಡದ ದುರಂತ ಉದಾಹರಣೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ, ದಾರಿಯಲ್ಲಿ ಇರಿಸಿದ್ದ ಡಬ್ಬಿಗಳಲ್ಲಿ ಎಣ್ಣೆ ಕಡಿಮೆಯಾಗಿತ್ತು. ಮುಚ್ಚಳದ ಚರ್ಮದ ವಾಷರುಗಳ ಮೂಲಕ ಅದು ಸೋರಿ ಆವಿಯಾಗಿತ್ತು. ಅವರ ಪ್ರತಿಸ್ಪರ್ಧಿ ರೋಅಲ್ ಅಮುಂಡ್‌ಸೆನ್ ತಮ್ಮ ಡಬ್ಬಿಗಳನ್ನು ಬೆಸುಗೆ ಹಾಕಿಸಿದ್ದರು. ಚಳಿ, ಹಸಿವು, ಬಿರುಗಾಳಿಗಳೂ ಸ್ಕಾಟ್ ತಂಡದ ಸಾವಿಗೆ ಕಾರಣವಾದವು ನಿಜ. ಆದರೆ ಎಣ್ಣೆ ಇಲ್ಲದಿದ್ದರೆ ಬಿಸಿ ಊಟವೂ ಇಲ್ಲ, ನೀರೂ ಇಲ್ಲ. ಕೊನೆಯ ಮೂವರು ಮಡಿದ ಡೇರೆಯಿಂದ ಮುಂದಿನ ದೊಡ್ಡ ದಾಸ್ತಾನಿಗೆ ಇದ್ದ ದೂರ ಸುಮಾರು 20 ಕಿಲೋಮೀಟರ್ ಮಾತ್ರ.

ಎವರೆಸ್ಟಿನ ಮೇಲೆ

ಇದೇ ಪಾಠವನ್ನು ಹಿಮಾಲಯವೂ ಕಲಿಸಿತು. 1952ರ ಮೇ 27ರ ರಾತ್ರಿ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟಿನ ಮೇಲೆ ಸುಮಾರು 8,400 ಮೀಟರ್ ಎತ್ತರದಲ್ಲಿ ಒಲೆಯಿಲ್ಲದೆ ಕಳೆದರು. ಮೋಂಬತ್ತಿಯ ಮೇಲೆ ಹಿಮ ಕರಗಿಸಿ ಗಂಟಲು ಒದ್ದೆ ಮಾಡಿಕೊಂಡರು. ಮರುದಿನ ಸುಮಾರು 8,600 ಮೀಟರ್‌ನಿಂದ ಹಿಂದಿರುಗಬೇಕಾಯಿತು. ಎತ್ತರದ ಒಣಗಾಳಿಯಲ್ಲಿ ವೇಗವಾಗಿ ಉಸಿರಾಡುವಾಗ ದೇಹ ಬಹಳಷ್ಟು ನೀರನ್ನು ಕಳೆದುಕೊಳ್ಳುತ್ತದೆ. 1953ರ ಬ್ರಿಟಿಷ್ ತಂಡದ ಶರೀರಕ್ರಿಯಾ ವಿಜ್ಞಾನಿ ಗ್ರಿಫಿತ್ ಪ್ಯೂ, ಆರೋಹಿಗಳು ದಿನಕ್ಕೆ ಮೂರು ಲೀಟರಿನಷ್ಟಾದರೂ ದ್ರವ ಸೇವಿಸಬೇಕೆಂದು ಒತ್ತಾಯಿಸಿದರು. ಶಿಖರವೇರುವ ಹಿಂದಿನ ರಾತ್ರಿ ಹಿಲರಿ ಮತ್ತು ತೇನ್‌ಸಿಂಗ್ ಅವರ ಬಳಿ ಒಲೆಯಿತ್ತು. ಆ ಎತ್ತರದಲ್ಲಿ ನೀರು ಸುಮಾರು 72 ಡಿಗ್ರಿಯಲ್ಲೇ ಕುದಿಯುತ್ತದೆ. ಆದರೂ ಅವರು ಹೊಟ್ಟೆ ತುಂಬ ಬಿಸಿ ನಿಂಬೆ ಪಾನಕ ಕುಡಿದರು.

ಲೋಹಗಳ ಸರದಿ

ಹಗುರ ಪಾತ್ರೆಯ ಕಥೆಯಲ್ಲಿ 1886 ಮುಖ್ಯವಾದ ವರ್ಷ. ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ವಿದ್ಯುದ್ವಿಭಜನೆಯಿಂದ ಅಲ್ಯೂಮಿನಿಯಮ್ ಪಡೆಯುವ ವಿಧಾನವನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಬೆಳ್ಳಿಯ ಸಾಲಿನಲ್ಲಿದ್ದ ಲೋಹ ಕೆಲವೇ ವರ್ಷಗಳಲ್ಲಿ ಅಡುಗೆಮನೆಗೆ ಬಂತು. ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದವರು ಇವರೇ.

ಅಲ್ಯೂಮಿನಿಯಮಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಮ್, ತಾಮ್ರದ್ದು 8.96. ಇಂದು ಚಾರಣಿಗರ ಮೆಚ್ಚಿನ ಟೈಟೇನಿಯಮಿನದು 4.5. ಅಲ್ಯೂಮಿನಿಯಮಿಗಿಂತ ಸಾಂದ್ರವಾದ ಲೋಹದಿಂದ ಹಗುರ ಪಾತ್ರೆ ಹೇಗೆ ಸಾಧ್ಯ? ಟೈಟೇನಿಯಮ್ ಹೆಚ್ಚು ಗಟ್ಟಿ. ಆದ್ದರಿಂದ ತಗಡನ್ನು ತೀರ ತೆಳುವಾಗಿಸಬಹುದು. ಆದರೆ ಅದರ ಉಷ್ಣವಾಹಕತೆ ಅಲ್ಯೂಮಿನಿಯಮಿನ ಹತ್ತನೆಯ ಒಂದು ಭಾಗದಷ್ಟು. ನೀರು ಕುದಿಸಲು ಇದರಿಂದ ಹೆಚ್ಚಿನ ತೊಂದರೆಯಿಲ್ಲ. ತಗಡು ತೆಳುವಾದ್ದರಿಂದ ಉಷ್ಣ ಬೇಗ ದಾಟುತ್ತದೆ. ಆದರೆ ಉಷ್ಣ ತಳದ ಉದ್ದಗಲಕ್ಕೆ ಹರಡುವುದಿಲ್ಲ. ಅನ್ನವನ್ನೋ ಉಪ್ಪಿಟ್ಟನ್ನೋ ಮಾಡಹೊರಟರೆ ಜ್ವಾಲೆ ತಾಗಿದ ಕಡೆ ತಳ ಹಿಡಿಯುತ್ತದೆ.

ಆರಿಸುವ ಬಗೆ

ಈಗ ತಳದಲ್ಲಿ ಲೋಹದ ರೆಕ್ಕೆಗಳಿರುವ ಪಾತ್ರೆಗಳು ಸಿಗುತ್ತವೆ. ಬಿಸಿ ಅನಿಲದಿಂದ ಹೆಚ್ಚು ಉಷ್ಣ ಹೀರುವುದೇ ಅವುಗಳ ಕೆಲಸ. ನಾನ್ಸೆನ್ ಅವರ ಉಪಾಯವೇ ಹೊಸ ರೂಪದಲ್ಲಿ. ಅಂಥ ಪಾತ್ರೆ 150 ಗ್ರಾಮ್ ಹೆಚ್ಚು ತೂಗುತ್ತದೆ, ಲೀಟರಿಗೆ 5 ಗ್ರಾಮ್ ಇಂಧನ ಉಳಿಸುತ್ತದೆ ಎಂದಿಟ್ಟುಕೊಳ್ಳಿ. 30 ಲೀಟರ್ ನೀರು ಕುದಿಸಿದ ನಂತರವಷ್ಟೇ ಲಾಭ. ಹಳ್ಳ ತೊರೆಗಳಿರುವ ಕಾಡಿನಲ್ಲಿ ಎರಡು ದಿನ ನಡೆಯುವವರಿಗೆ ತೆಳ್ಳನೆಯ ಸಾದಾ ಪಾತ್ರೆಯೇ ಮೇಲು. ಹದಿನೈದು ದಿನ ಹಿಮದಲ್ಲಿ ಇರುವವರಿಗೆ ಭಾರದ ಪಾತ್ರೆಯೇ ಹಗುರ!

ಶಾಲೆಯಲ್ಲಿ ಇದನ್ನು ಪರೀಕ್ಷಿಸಬಹುದು. ಸ್ಪಿರಿಟ್ ದೀಪವೊಂದನ್ನು ತೂಗಿ, ಸಣ್ಣ ಪಾತ್ರೆಯಲ್ಲಿ 100 ಮಿಲಿಲೀಟರ್ ನೀರನ್ನು 80 ಡಿಗ್ರಿಗೆ ಕಾಯಿಸಿ, ದೀಪವನ್ನು ಆರಿಸಿ ಮತ್ತೆ ತೂಗಿ. ಇದನ್ನೇ ಮುಚ್ಚಳವಿಟ್ಟು ಒಮ್ಮೆ, ಗಾಳಿಗೆ ತಗಡಿನ ಮರೆ ಕಟ್ಟಿ ಒಮ್ಮೆ ಮಾಡಿ. ಪ್ರತಿ ಸಲವೂ ನೀರು ಅದೇ ತಾಪದಿಂದ ಆರಂಭವಾಗಲಿ, ಶಿಕ್ಷಕರು ಜೊತೆಗಿರಲಿ. ಕೆಲವೇ ಗ್ರಾಮ್ ತೂಗುವ ಮುಚ್ಚಳ ಎಷ್ಟು ಸ್ಪಿರಿಟ್ ಉಳಿಸುತ್ತದೆ ಎಂಬುದನ್ನು ತಕ್ಕಡಿಯೇ ಹೇಳುತ್ತದೆ.