ಬ್ರೂಪಬ್‌ನ ಜರ್ಮನ್ ಪಿಲ್ಸ್ನರ್ 'ಲೈಟ್' ಬಿಯರಾ? ಗ್ಲಾಸಿನಲ್ಲಿ ಕಂಡದ್ದು, ನಾಲಿಗೆಗೆ ಸಿಕ್ಕಿದ್ದು, ಫಾರ್ವರ್ಡ್‌ಗಳಲ್ಲಿ ತಪ್ಪಿದ್ದು

ಬ್ರೂಪಬ್ ಬಿಯರ್ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದೇ ಧಾಟಿಯ ಮೆಸೇಜುಗಳು ಬರುತ್ತವೆ. ಅಲ್ಲೇ ತಯಾರಿಸುವ ತಾಜಾ ಬಿಯರ್‌ನಲ್ಲಿ ಕೆಮಿಕಲ್ ಇಲ್ಲ, ಗ್ಲಿಸರಿನ್ ಇಲ್ಲ, ಬೆಳಗ್ಗೆ ತಲೆನೋವು ಬರುವುದಿಲ್ಲ. ಬಣ್ಣ ತಿಳಿಯಾಗಿದ್ದರೆ ಅದು ಲೈಟ್ ಬಿಯರ್, ಒಂದು ಗ್ಲಾಸ್ ಕುಡಿದು ಗಾಡಿ ಓಡಿಸಿದರೂ ಏನೂ ಆಗುವುದಿಲ್ಲ. ಇವುಗಳಲ್ಲಿ ಎಷ್ಟು ನಿಜ?

ಒಂದೇ ಮಾತಿನಲ್ಲಿ ಹೇಳುವುದಾದರೆ

ಜರ್ಮನ್ ಶೈಲಿಯ ಪಿಲ್ಸ್ನರ್ ನೋಡಲು ತಿಳಿ, ಬಾಯಿಗೆ ಹಗುರ. ಆದರೆ ಅದರಲ್ಲಿ ಆಲ್ಕೋಹಾಲ್ ಸುಮಾರು ಶೇ. 5ರಷ್ಟಿರುತ್ತದೆ. ಅರ್ಧ ಲೀಟರಿನ ಒಂದು ಗ್ಲಾಸಿನಲ್ಲಿರುವ ಆಲ್ಕೋಹಾಲ್ 30 ಮಿ.ಲೀ.ನ ಎರಡು ಪೆಗ್ ವಿಸ್ಕಿಗೆ ಹತ್ತಿರ ಹತ್ತಿರ ಸಮ. ತಾಜಾತನದಿಂದ ರುಚಿ ಬದಲಾಗುತ್ತದೆ, ಆಲ್ಕೋಹಾಲ್ ಬದಲಾಗುವುದಿಲ್ಲ.

ನಾವು ನೋಡಿದ್ದು

ಬೆಂಗಳೂರಿನ ಒಂದು ಬ್ರೂಪಬ್‌ಗೆ ಗೆಳೆಯನೊಬ್ಬನ ಜೊತೆ ಹೋಗಿದ್ದೆ. ಗಾಜಿನ ಗೋಡೆಯ ಆಚೆ ಸ್ಟೀಲ್ ಟ್ಯಾಂಕುಗಳು, ಈಚೆ ನಮ್ಮ ಟೇಬಲ್. ಮೆನುವಿನಲ್ಲಿ 'ಜರ್ಮನ್ ಪಿಲ್ಸ್' ಎಂದಿದ್ದ ಬಿಯರ್ ತರಿಸಿದೆವು. ಆಲ್ಕೋಹಾಲ್ ಶೇ. 5 ಎಂದು ಪಕ್ಕದಲ್ಲೇ ಬರೆದಿತ್ತು. ಆ ಸಾಲನ್ನು ಗೆಳೆಯ ಓದಿರಲಿಲ್ಲ. ನಾನೂ ಮೊದಲು ಓದಿದ್ದು ಬೆಲೆಯನ್ನೇ.

*ಬಣ್ಣ ಮತ್ತು ನೊರೆ:* ತೆಳು ಹುಲ್ಲಿನ ಬಣ್ಣ, ಮೇಲೆ ಎರಡು ಬೆರಳಷ್ಟು ಬಿಳಿ ನೊರೆ. ಬಿಯರ್ ಸ್ವಲ್ಪ ಮಂಜುಮಂಜಾಗಿತ್ತು. ಜರ್ಮನಿಯಲ್ಲಿ ಪಿಲ್ಸ್ ಸಾಮಾನ್ಯವಾಗಿ ಕನ್ನಡಿಯಂತೆ ಸ್ವಚ್ಛವಾಗಿರುತ್ತದೆ. ಬ್ರೂಪಬ್‌ಗಳಲ್ಲಿ ಹಲವರು ಸೋಸದೆ ಕೊಡುವುದರಿಂದ ಯೀಸ್ಟ್ ಮತ್ತು ಪ್ರೋಟೀನ್ ಕಣಗಳು ಉಳಿದು ಮಂಜು ಕಾಣುತ್ತದೆ. ಅದು ಕೊಳೆಯಲ್ಲ.

*ವಾಸನೆ:* ಮೊದಲಿಗೆ ಏನೂ ಬರಲಿಲ್ಲ, ಅಷ್ಟು ತಣ್ಣಗಿತ್ತು. ಹತ್ತು ನಿಮಿಷ ಬಿಟ್ಟು ಮೂಸಿದಾಗ ಬ್ರೆಡ್ಡಿನ ಒಳಭಾಗದ ವಾಸನೆ, ಒಣ ಹುಲ್ಲು, ಸಣ್ಣಗೆ ಹೂವಿನ ಪರಿಮಳ. ಅದರ ಹಿಂದೆಯೇ ಬೇಯಿಸಿದ ಮುಸುಕಿನ ಜೋಳದ ವಾಸನೆಯೂ ಬಂತು. ಅದೇಕೆ ಎಂದು ಮುಂದೆ ಹೇಳುತ್ತೇನೆ.

*ರುಚಿ:* ಮೊದಲ ಗುಟುಕಿನಲ್ಲಿ ಸ್ವಲ್ಪ ಸಿಹಿ, ಕೂಡಲೇ ಕಹಿ. ಹಾಗಲಕಾಯಿಯಂತೆ ಮುಖ ಕಿವುಚಿಸುವ ಕಹಿಯಲ್ಲ. ಚೊಕ್ಕವಾಗಿ ಬಂದು, ನುಂಗಿದ ಮೇಲೂ ಸ್ವಲ್ಪ ಹೊತ್ತು ನಿಲ್ಲುವ ಕಹಿ. ಬಾಯಿಯಲ್ಲಿ ಅಂಟು ಉಳಿಯಲಿಲ್ಲ, ಒಣಗಿದಂತಾಗಿ ಇನ್ನೊಂದು ಗುಟುಕು ಬೇಕೆನಿಸಿತು. ಈ ಶೈಲಿಯ ಗುಣವೇ ಅದು. ಅಪಾಯವೂ ಅಲ್ಲೇ ಇದೆ.

ಒಟ್ಟಾರೆ, ಕಹಿ ಮತ್ತು ಮುಕ್ತಾಯ ಚೆನ್ನಾಗಿತ್ತು, ವಾಸನೆಯಲ್ಲಿ ಒಂದು ಸಣ್ಣ ದೋಷವಿತ್ತು.

'ಪಿಲ್ಸ್ನರ್' ಎಲ್ಲಿಂದ ಬಂತು?

ಹೆಸರು ಜರ್ಮನಿಯದಲ್ಲ. ಈಗಿನ ಚೆಕ್ ಗಣರಾಜ್ಯದ ಪ್ಲಜೆನ್ ಊರಿಗೆ ಜರ್ಮನ್ ಭಾಷೆಯಲ್ಲಿ ಪಿಲ್ಸೆನ್ ಎನ್ನುತ್ತಾರೆ. 1842ರಲ್ಲಿ ಅಲ್ಲಿನ ಬ್ರೂವರಿಯಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬ್ರೂವರ್ ತಿಳಿ ಮಾಲ್ಟ್, ಊರಿನ ಮೃದು ನೀರು, ಝಾಟ್ಸ್ ಪ್ರದೇಶದ ಹಾಪ್ಸ್ ಬಳಸಿ ಹೊಂಬಣ್ಣದ ಬಿಯರ್ ಮಾಡಿದ. ಜರ್ಮನ್ ಬ್ರೂವರ್‌ಗಳು ಮುಂದೆ ಅದನ್ನು ತಮ್ಮ ನೀರಿಗೆ, ತಮ್ಮ ಹಾಪ್ಸ್‌ಗೆ ಹೊಂದಿಸಿಕೊಂಡರು. ಹಾಗಾಗಿ ಜರ್ಮನ್ ಪಿಲ್ಸ್ ಚೆಕ್ ಪಿಲ್ಸ್ನರ್‌ಗಿಂತ ತಿಳಿ, ಸಿಹಿ ಕಡಿಮೆ, ಮುಕ್ತಾಯ ಹೆಚ್ಚು ಒಣ. ಜರ್ಮನಿಯ ಉತ್ತರಕ್ಕೆ ಹೋದಂತೆ ಕಹಿ ಹೆಚ್ಚುವುದೂ ಉಂಟು.

ಸಾಮಗ್ರಿ ನಾಲ್ಕೇ: ನೀರು, ಮಾಲ್ಟ್, ಹಾಪ್ಸ್, ಯೀಸ್ಟ್. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ನಮ್ಮ ಮನೆಗಳಲ್ಲಿ ಮೊಳಕೆ ರಾಗಿಯನ್ನು ಒಣಗಿಸಿ, ಹುರಿದು ಮಾಲ್ಟ್ ಪುಡಿ ಮಾಡುವಂತೆಯೇ. ಹಾಪ್ಸ್ ಒಂದು ಬಳ್ಳಿಯ ಹೂಗೊನೆ. ಕಹಿಯೂ ಪರಿಮಳವೂ ಅದರದ್ದೇ. ಪಿಲ್ಸ್ನರ್‌ನ ಯೀಸ್ಟ್ ತಂಪಿನಲ್ಲಿ, ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ಬಿಯರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಟ್ಯಾಂಕನ್ನು ಬೇಗ ಖಾಲಿ ಮಾಡುವ ಅವಸರವಿರುವ ಪಬ್‌ಗೆ ಇದು ದುಬಾರಿ ಬಿಯರ್.

ಆ ಜೋಳದ ವಾಸನೆ ಏನು?

ದಟ್ಟ ಬಣ್ಣದ ಬಿಯರ್‌ನಲ್ಲಿ ಹುರಿದ ಮಾಲ್ಟ್ ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಪಿಲ್ಸ್ನರ್‌ನಲ್ಲಿ ಮರೆಮಾಚಲು ಏನೂ ಇಲ್ಲ. ನೀವೂ ಗುರುತಿಸಬಹುದಾದ ಕೆಲವು ವಾಸನೆಗಳು ಇಲ್ಲಿವೆ:

- ಬೇಯಿಸಿದ ಜೋಳ ಅಥವಾ ಎಲೆಕೋಸು: ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ. ತಿಳಿ ಮಾಲ್ಟ್‌ನಲ್ಲಿ ಇದರ ಮೂಲವಸ್ತು ಹೆಚ್ಚಿರುತ್ತದೆ. ಮುಚ್ಚಳ ತೆಗೆದು ಜೋರಾಗಿ ಕುದಿಸಿದರೆ ಆವಿಯ ಜೊತೆ ಹೊರಟುಹೋಗುತ್ತದೆ. ಕುದಿ ಸಾಲದಿದ್ದರೆ ಅಥವಾ ಕುದಿಸಿದ ಮೇಲೆ ತಣಿಸಲು ತಡವಾದರೆ ಉಳಿಯುತ್ತದೆ. ನಮ್ಮ ಗ್ಲಾಸಿನಲ್ಲಿ ಇದ್ದದ್ದು ಬಹುಶಃ ಇದೇ.
- ಬೆಣ್ಣೆ, ಪಾಪ್‌ಕಾರ್ನ್: ಡಯಾಸಿಟೈಲ್. ಸಮಯ ಕೊಟ್ಟರೆ ಯೀಸ್ಟೇ ಇದನ್ನು ವಾಪಸ್ ಹೀರಿಕೊಳ್ಳುತ್ತದೆ. ಅವಸರ ಮಾಡಿದರೆ ಉಳಿಯುತ್ತದೆ.
- ಹಸಿರು ಸೇಬು: ಅಸಿಟಾಲ್ಡಿಹೈಡ್. ಇದು ಸಾಮಾನ್ಯವಾಗಿ ಬಿಯರ್ ಇನ್ನೂ ಎಳಸು ಎಂಬುದರ ಗುರುತು.
- ಒದ್ದೆ ರಟ್ಟು: ಹಳೆಯದಾಗಿದೆ, ಆಮ್ಲಜನಕ ತಾಗಿದೆ.
- ಮೂಗು ಮುಚ್ಚಿಸುವ ಗಂಧಕದ ನಾತ: ಬಿಸಿಲು ಬಿದ್ದಿದೆ. ಬೆಳಕು ಹಾಪ್ಸ್‌ನ ಕಹಿ ಅಂಶವನ್ನು ಒಡೆಯುತ್ತದೆ. ಅನೇಕ ಬಿಯರ್ ಬಾಟಲಿಗಳು ಕಂದು ಬಣ್ಣದಲ್ಲಿರುವುದು ಇದೇ ಕಾರಣಕ್ಕೆ.

ಇವು ರುಚಿಯ ದೋಷಗಳು. ಬಿಯರ್‌ನಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣದಲ್ಲಿ ಇವನ್ನು ವಿಷ ಎಂದು ಹೆದರಬೇಕಿಲ್ಲ. 'ಜೋಳದ ವಾಸನೆ ಬಂದರೆ ಕಲಬೆರಕೆ' ಎಂಬ ಮೆಸೇಜ್ ಬಂದರೆ ನಂಬಬೇಡಿ. ಹಾಗೆಯೇ, ದೋಷವಿದೆ ಎಂದು ಹೇಳಿ ಗ್ಲಾಸ್ ಬದಲಿಸಲು ಕೇಳುವುದಕ್ಕೆ ಸಂಕೋಚವೂ ಬೇಡ.

ಫಾರ್ವರ್ಡ್ 1: ಕಹಿ ಗೊತ್ತಾಗುವುದು ನಾಲಿಗೆಯ ಹಿಂಭಾಗಕ್ಕೆ ಮಾತ್ರ

ತಪ್ಪು. ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂಬ ನಾಲಿಗೆಯ ನಕ್ಷೆಯನ್ನು ಪಠ್ಯಪುಸ್ತಕಗಳಲ್ಲಿ ನಾವೆಲ್ಲ ನೋಡಿದ್ದೇವೆ. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ನಾಲಿಗೆಯ ಬೇರೆ ಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಸಣ್ಣ ವ್ಯತ್ಯಾಸಗಳಿವೆ ಎಂದಷ್ಟೇ ಕಂಡುಕೊಂಡಿದ್ದರು. 1942ರಲ್ಲಿ ಎಡ್ವಿನ್ ಬೋರಿಂಗ್ ಅವರ ಪುಸ್ತಕದಲ್ಲಿ ಬಂದ ಚಿತ್ರಣದ ನಂತರ, ಆ ಸಣ್ಣ ವ್ಯತ್ಯಾಸವೇ ಗಡಿ ಹಾಕಿದ ನಕ್ಷೆಯಾಗಿ ಹರಡಿತು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲ ರುಚಿಗಳನ್ನು ಗ್ರಹಿಸುತ್ತವೆ. ಮನೆಯಲ್ಲೇ ಪರೀಕ್ಷಿಸಿ: ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್ನಿನ ಒಂದು ಹನಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕಹಿ ಗೊತ್ತಾಗುತ್ತದೆ.

ಫಾರ್ವರ್ಡ್ 2: ಬಣ್ಣ ತಿಳಿಯಿದ್ದರೆ ಲೈಟ್, ಕಪ್ಪಿದ್ದರೆ ಸ್ಟ್ರಾಂಗ್

ತಪ್ಪು. ಬಣ್ಣ ಬರುವುದು ಮಾಲ್ಟನ್ನು ಎಷ್ಟು ಹುರಿದಿದ್ದಾರೆ ಎಂಬುದರಿಂದ. ಆಲ್ಕೋಹಾಲ್ ಬರುವುದು ಯೀಸ್ಟ್ ಎಷ್ಟು ಸಕ್ಕರೆ ತಿಂದಿದೆ ಎಂಬುದರಿಂದ. ಐರ್ಲೆಂಡಿನ ಗಿನ್ನೆಸ್ ಡ್ರಾಫ್ಟ್ ಕಾಡಿಗೆಯಷ್ಟು ಕಪ್ಪು, ಆಲ್ಕೋಹಾಲ್ ಶೇ. 4.2ರ ಆಸುಪಾಸು. ತಿಳಿ ಹಳದಿಯ ಪಿಲ್ಸ್ನರ್‌ನಲ್ಲಿ ಅದಕ್ಕಿಂತ ಹೆಚ್ಚು. ನಮ್ಮ ಅಂಗಡಿಗಳಲ್ಲಿ ಸಿಗುವ 'ಸ್ಟ್ರಾಂಗ್' ಬಿಯರ್‌ಗಳು ಶೇ. 8ರವರೆಗೂ ಹೋಗುತ್ತವೆ, ಅವುಗಳ ಬಣ್ಣವೂ ಹಳದಿಯೇ.

ಬಣ್ಣ ನಮ್ಮ ಮೂಗನ್ನೂ ಮೋಸಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟಿದ್ದರು. ಅವರು ಅದರ ವಾಸನೆಯನ್ನು ವರ್ಣಿಸಲು ಕೆಂಪು ವೈನಿಗೆ ಬಳಸುವ ಪದಗಳನ್ನೇ ಆರಿಸಿಕೊಂಡರು. ಹಾಗಾಗಿ 'ನೋಡಿದರೇ ಗೊತ್ತಾಗುತ್ತೆ' ಎಂಬ ಮಾತನ್ನು ಬಿಯರ್ ವಿಷಯದಲ್ಲಿ ನಂಬಬೇಡಿ. ಮೆನುವಿನಲ್ಲಿರುವ ಆಲ್ಕೋಹಾಲ್ ಪ್ರಮಾಣ ಓದಿ. ಬರೆದಿಲ್ಲದಿದ್ದರೆ ಕೇಳಿ.

ಫಾರ್ವರ್ಡ್ 3: ಬಾಟಲಿ ಬಿಯರ್‌ನಲ್ಲಿ ಗ್ಲಿಸರಿನ್ ಇದೆ, ನೀರಿನಲ್ಲಿ ತಲೆಕೆಳಗೆ ಹಿಡಿದರೆ ಹೊರಬರುತ್ತದೆ

ದಾರಿತಪ್ಪಿಸುವ ಮಾತು. ತೆರೆದ ಬಾಟಲಿಯನ್ನು ನೀರಿನ ಗ್ಲಾಸಿನಲ್ಲಿ ಬೋರಲು ಹಾಕಿದಾಗ ಎಣ್ಣೆಯಂತಹ ಎಳೆಗಳು ಇಳಿಯುವುದು ನಿಜ. ಆದರೆ ಅದು ಬಿಯರೇ. ಕರಗಿದ ಮಾಲ್ಟ್ ಅಂಶಗಳಿಂದ ಬಿಯರ್ ಸಾಮಾನ್ಯವಾಗಿ ನೀರಿಗಿಂತ ಸ್ವಲ್ಪ ಭಾರ. ಅದು ಕೆಳಗಿಳಿದು ನೀರಿನೊಂದಿಗೆ ಬೆರೆಯುವಾಗ ಬೆಳಕು ಬಾಗಿ ಎಳೆಎಳೆಯಾಗಿ ಕಾಣುತ್ತದೆ. ನೀರಿಗೆ ಸಕ್ಕರೆ ಪಾಕ ಬಿಟ್ಟಾಗಲೂ ಹೀಗೇ ಕಾಣುತ್ತದೆ.

ಇನ್ನು ಗ್ಲಿಸರಿನ್. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ಯೀಸ್ಟ್ ತಾನೇ ಸ್ವಲ್ಪ ಗ್ಲಿಸರಿನ್ ಉತ್ಪಾದಿಸುತ್ತದೆ, ಲೀಟರಿಗೆ ಒಂದೆರಡು ಗ್ರಾಂ. ಬ್ರೂಪಬ್‌ನ ತಾಜಾ ಪಿಲ್ಸ್ನರ್‌ನಲ್ಲೂ ಅದು ಇರುತ್ತದೆ, ಬಿಯರ್‌ನಲ್ಲಿ ಪೂರ್ತಿ ಕರಗಿರುತ್ತದೆ. ಬಾಟಲಿ ತಲೆಕೆಳಗು ಮಾಡಿ ಅದನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಫಾರ್ವರ್ಡ್ 4: ಜರ್ಮನ್ ಶುದ್ಧತಾ ಕಾನೂನಿನ ಬಿಯರ್ ಆರೋಗ್ಯಕ್ಕೆ ಒಳ್ಳೆಯದು

ಅರ್ಧಸತ್ಯ. 1516ರಲ್ಲಿ ಬವೇರಿಯಾದ ಆಳರಸರು ಇಂಗೋಲ್‌ಸ್ಟಾಟ್‌ನಲ್ಲಿ ಹೊರಡಿಸಿದ ಆದೇಶ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದು ಹೇಳಿದ್ದು ನಿಜ. ಯೀಸ್ಟ್ ಹೆಸರು ಅದರಲ್ಲಿಲ್ಲ, ಅದರ ಪಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಅದೇ ಆದೇಶ ಬಿಯರ್‌ನ ಬೆಲೆಯನ್ನೂ ನಿಗದಿ ಮಾಡಿತ್ತು. ಅದು ಸಾಮಗ್ರಿ ಮತ್ತು ಮಾರಾಟದ ನಿಯಮ, ಆರೋಗ್ಯದ ಗ್ಯಾರಂಟಿಯಲ್ಲ.

ಮರುದಿನದ ತಲೆನೋವಿಗೆ ಮುಖ್ಯ ಕಾರಣ ಆಲ್ಕೋಹಾಲೇ. ಎಷ್ಟು ಕುಡಿದಿರಿ, ಎಷ್ಟು ಬೇಗ ಕುಡಿದಿರಿ, ನೀರು ಕುಡಿದಿರಾ, ನಿದ್ದೆ ಆಯಿತಾ ಎಂಬುದು ಲೆಕ್ಕಕ್ಕೆ ಬರುತ್ತದೆ. ಟ್ಯಾಂಕಿನಿಂದ ಬಂತೋ ಬಾಟಲಿಯಿಂದ ಬಂತೋ ಎಂಬುದು ದೊಡ್ಡ ವಿಷಯವಲ್ಲ. ಆಲ್ಕೋಹಾಲನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಆಲ್ಕೋಹಾಲ್ ಪ್ರಮಾಣವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ತಾಜಾ ಪಿಲ್ಸ್ನರ್‌ಗೆ ಇದರಲ್ಲಿ ರಿಯಾಯಿತಿ ಇಲ್ಲ. ಬಾರ್ಲಿಯಲ್ಲಿ ಗ್ಲುಟನ್ ಇರುವುದರಿಂದ ಸೀಲಿಯಾಕ್ ಕಾಯಿಲೆ ಇರುವವರಿಗೆ ಎಷ್ಟೇ 'ಶುದ್ಧ'ವಾದ ಬಾರ್ಲಿ ಬಿಯರ್ ಆದರೂ ಆಗದು.

ಫಾರ್ವರ್ಡ್ 5: ಒಂದು ಗ್ಲಾಸ್ ಬಿಯರ್‌ಗೆ ಮೀಟರ್ ತೋರಿಸಲ್ಲ

ಇದು ಅತ್ಯಂತ ಅಪಾಯಕಾರಿ. ಲೆಕ್ಕ ಹೀಗಿದೆ:

- 500 ಮಿ.ಲೀ. ಬಿಯರ್, ಶೇ. 5 = 25 ಮಿ.ಲೀ. ಆಲ್ಕೋಹಾಲ್, ಅಂದರೆ ಸುಮಾರು 20 ಗ್ರಾಂ.
- 30 ಮಿ.ಲೀ. ವಿಸ್ಕಿ, ಶೇ. 42.8 = ಸುಮಾರು 12.8 ಮಿ.ಲೀ. ಆಲ್ಕೋಹಾಲ್, ಅಂದರೆ ಸುಮಾರು 10 ಗ್ರಾಂ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಅಪರಾಧ. ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 70 ಕೆ.ಜಿ. ತೂಕದ ಗಂಡಸಿನ ದೇಹದಲ್ಲಿ 20 ಗ್ರಾಂ ಆಲ್ಕೋಹಾಲ್ ಪೂರ್ತಿ ಹರಡಿದರೆ ಅಂದಾಜು ಲೆಕ್ಕದಲ್ಲಿ ಅದು 40 ಮಿ.ಗ್ರಾಂ. ದಾಟುತ್ತದೆ. 55 ಕೆ.ಜಿ. ತೂಕದ ಹೆಂಗಸಿನಲ್ಲಿ 60 ದಾಟುತ್ತದೆ. ಇದರಲ್ಲಿ ದೇಹ ಗಂಟೆಗೆ 15 ಮಿ.ಗ್ರಾಂ. ಆಸುಪಾಸು ಇಳಿಸುತ್ತದೆ. ಊಟ, ಕುಡಿಯುವ ವೇಗ, ದೇಹದ ಗುಣ ಸೇರಿ ಒಬ್ಬೊಬ್ಬರಿಗೆ ಒಂದೊಂದು ರೀತಿ. ಅಂದರೆ ಒಂದೇ ಗ್ಲಾಸ್ ಮಿತಿಯ ಹತ್ತಿರಕ್ಕೋ, ಮಿತಿಯ ಆಚೆಗೋ ಒಯ್ಯಬಹುದು. ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಇಳಿಯುವ ವೇಗವನ್ನು ಹೆಚ್ಚಿಸುವುದಿಲ್ಲ. ಮಿತಿಯೊಳಗಿದ್ದರೆ ಕೈ, ಕಣ್ಣು ಸರಿಯಿರುತ್ತವೆ ಎಂದೂ ಅರ್ಥವಲ್ಲ.

ಪಿಲ್ಸ್ನರ್ ಇಲ್ಲಿ ವಿಶೇಷವಾಗಿ ಮೋಸ ಮಾಡುತ್ತದೆ. ವಿಸ್ಕಿ ಗಂಟಲು ಸುಟ್ಟು ತನ್ನ ಇರವನ್ನು ಹೇಳುತ್ತದೆ. ಒಣ ಮುಕ್ತಾಯದ ತಣ್ಣನೆಯ ಪಿಲ್ಸ್ನರ್ ಏನೂ ಹೇಳದೆ ಇನ್ನೊಂದು ಗುಟುಕು ಕೇಳುತ್ತದೆ.

ತೀರ್ಮಾನ

ಬ್ರೂಪಬ್‌ನ ಜರ್ಮನ್ ಪಿಲ್ಸ್ನರ್ ಬಗ್ಗೆ 'ತಾಜಾ', 'ಕಡಿಮೆ ಸಾಮಗ್ರಿ' ಎಂಬ ಮಾತುಗಳು ಬಹುಮಟ್ಟಿಗೆ ನಿಜ. 'ಆರೋಗ್ಯಕರ', 'ತಲೆನೋವು ಬರಲ್ಲ', 'ಗಾಡಿ ಓಡಿಸಬಹುದು' ಎಂಬವು ಸುಳ್ಳು.

ಅಂದು ಬಿಲ್ ಕೊಟ್ಟು ಎದ್ದಾಗ ಗೆಳೆಯ ಸ್ಕೂಟರ್ ಕೀ ತೆಗೆದು, "ಲೈಟ್ ಬಿಯರ್ ಕಣೇ, ಅದೂ ಒಂದೇ ಒಂದು" ಎಂದ. ಮೆನುವಿನ ಆ ಸಾಲು ತೋರಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ ಮೇಲಿನ ಲೆಕ್ಕ ಮಾಡಿದೆ. ಅವನು ಇನ್ನೊಮ್ಮೆ ತಾನೇ ಮಾಡಿ ನೋಡಿ, ಕೀ ಜೇಬಿಗೆ ಹಾಕಿಕೊಂಡು ಆಟೊ ಹುಡುಕಿದ. ಮಾರನೆಯ ದಿನ ಸ್ಕೂಟರ್ ತರಲು ಹೋಗಿ ಬಂದ ಖರ್ಚು ಸೇರಿಸಿದರೂ ದಂಡಕ್ಕಿಂತ ತೀರಾ ಕಡಿಮೆ.

'ಒಂದು ಗ್ಲಾಸಿಗೆ ಏನೂ ಆಗಲ್ಲ' ಎಂಬ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಲೇಬೇಕು ಎನಿಸಿದರೆ ಅದರ ಬದಲು ಈ ಎರಡು ಸಾಲಿನ ಲೆಕ್ಕ ಕಳಿಸಿ.